ಫೋಟೋ ನೋಡಿ ಟೋಕನ್ ಕೊಡಬೇಡ ಪುಟ್ಟಾ

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ ಮೂರೂ ಮನೆಗಳ ಫೋಟೋ ನೋಡಿದೆ. ಇಲ್ಲಿ ಮೈಸೂರಿನ ಬೋಗಾದಿ ಕಡೆ ರಿಂಗ್ ರೋಡ್ ಹತ್ತಿರ ಇರೋ ಫ್ಲಾಟು ನಿನಗೂ ನಿನ್ನ ಹೆಂಡತಿಗೂ ತುಂಬಾ ಹಿಡಿಸಿದೆ, ಭಾನುವಾರದೊಳಗೆ 50 ಸಾವಿರ ಟೋಕನ್ ಕಳಿಸದಿದ್ದರೆ ಬೇರೆಯವರ ಪಾಲಾಗುತ್ತೆ ಅಂತ ಬ್ರೋಕರ್ ಅವಸರ ಮಾಡ್ತಿದ್ದಾನೆ ಅಂತ ಬರೆದಿದ್ದೀಯ. ಹೋದರೆ ಹೋಗಲಿ ಬಿಡು. ನೀನು ಆ ಮನೆಯೊಳಗೆ ಕಾಲಿಟ್ಟು ನೋಡೋ ತನಕ ಒಂದು ರೂಪಾಯಿನೂ ಕಳಿಸಬೇಡ.

ಪುಣೆಯಲ್ಲಿ ಕೂತು ನೀನು ಇನ್ನೇನು ತಾನೇ ನೋಡೋದಕ್ಕಾಗುತ್ತೆ, ಗೊತ್ತು. ಅದಕ್ಕೇ ನಾನು ಮೊನ್ನೆ ಸಂಜೆ ಹೋಗಿ ನೋಡಿಕೊಂಡು ಬಂದೆ. ಮನೆ ಕೆಟ್ಟದಾಗೇನೂ ಇಲ್ಲ. ಆದರೆ ನಿನ್ನ ಕಣ್ಣಲ್ಲಿ ಇರೋ ಮನೆ ಬೇರೆ, ಅಲ್ಲಿರೋ ಮನೆ ಬೇರೆ.

ಹಾಲ್ ನೋಡಿ ನೀನು 'ಕ್ರಿಕೆಟ್ ಆಡಬಹುದು' ಅಂದೆಯಲ್ಲ, ಅದು 10 ಅಡಿ ಅಗಲ, 14 ಅಡಿ ಉದ್ದ, ಅಷ್ಟೇ. ನಾನೇ ಟೇಪ್ ಹಿಡಿದು ಅಳೆದೆ. ಮೊಬೈಲಿನಲ್ಲಿ 0.5 ಅಂತ ಒತ್ತಿ ತೆಗೆದರೆ ಸುಮಾರು 120 ಡಿಗ್ರಿಯಷ್ಟು ಅಗಲ ಒಂದೇ ಚಿತ್ರದಲ್ಲಿ ಬಂದುಬಿಡುತ್ತೆ, ಮೂಲೆಯಲ್ಲಿ ನಿಂತು ತೆಗೆದರಂತೂ ಎದುರುಗಡೆ ಗೋಡೆ ಎಲ್ಲೋ ದೂರ ಓಡಿಹೋದ ಹಾಗೆ ಕಾಣುತ್ತೆ. ನಿಮ್ಮ ಅಡುಗೆಮನೆಯನ್ನೇ ಹಾಗೊಂದು ಸಲ ತೆಗೆದು ನೋಡು, ನಿನಗೇ ಆಶ್ಚರ್ಯ ಆಗುತ್ತೆ. ಹೀಗೆ ತೆಗೆದ ಚಿತ್ರ ಅಂತ ಪತ್ತೆ ಮಾಡೋದು ಕಷ್ಟ ಇಲ್ಲ. ಅಂಚಿನಲ್ಲಿರೋ ವಸ್ತು ಜಗ್ಗಿದ ಹಾಗಿರುತ್ತೆ. ನೀನು ಕಳಿಸಿದ ಫೋಟೋದಲ್ಲಿ ಗೋಡೆ ಗಡಿಯಾರ ಮೊಟ್ಟೆ ಆಕಾರಕ್ಕೆ ಬಂದಿದೆ, ನೋಡು.

ಅಳತೆ ಗೊತ್ತು ಮಾಡಿಕೊಳ್ಳೋದು ಹೇಗೆ ಅಂದರೆ, ನೆಲದ ಟೈಲ್ಸ್ ಎಣಿಸು. ಈಗಿನ ಮನೆಗಳಲ್ಲಿ ಹಾಲ್‌ಗೂ ರೂಮಿಗೂ ಜಾಸ್ತಿ ಹಾಕೋದು ಎರಡಡಿಗೆ ಎರಡಡಿ ಟೈಲ್ಸ್. ಆ ಹಾಲ್‌ನಲ್ಲಿ ಅಗಲಕ್ಕೆ ಐದು, ಉದ್ದಕ್ಕೆ ಏಳು ಇದೆ. ಕ್ಯಾಮೆರಾ ಎಷ್ಟೇ ಹಿಗ್ಗಿಸಿದರೂ ಟೈಲ್ಸ್ ಲೆಕ್ಕ ಬದಲಾಗಲ್ಲ. ಟೈಲ್ಸ್ ಗೆರೆ ಕಾಣದಿದ್ದರೆ ಬಾಗಿಲು ನೋಡು, ಎತ್ತರ ಸಾಮಾನ್ಯವಾಗಿ 7 ಅಡಿ ಇರುತ್ತೆ, ಅಡುಗೆ ಕಟ್ಟೆಯ ಕಲ್ಲು 2 ಅಡಿ ಅಗಲ. ಇಷ್ಟು ತಿಳಿದಿದ್ದರೆ ಪುಣೆಯಲ್ಲಿ ಕೂತೇ ಅರ್ಧ ಮನೆ ಅಳೆಯಬಹುದು.

ರೂಮು ಐದಕ್ಕೆ ಐದು ಟೈಲ್ಸ್, ಅಂದರೆ 10ಕ್ಕೆ 10. ಫೋಟೋದಲ್ಲಿ ಮಂಚ ಹಾಕಿ ಸುತ್ತ ಓಡಾಡೋ ಜಾಗ ತೋರಿಸಿದ್ದಾರೆ. ಅದು ಸಣ್ಣ ಮಂಚ ಪುಟ್ಟಾ. ನಿಮ್ಮದು ಆರಡಿ ಅಗಲ, ಆರೂವರೆ ಅಡಿ ಉದ್ದ. ಎದುರುಗಡೆ ಎರಡಡಿ ಆಳದ ವಾರ್ಡ್‌ರೋಬ್ ಬಂದರೆ ನಡುವೆ ಉಳಿಯೋದು ಒಂದೂವರೆ ಅಡಿ. ವಾರ್ಡ್‌ರೋಬ್ ಬಾಗಿಲು ಪೂರ್ತಿ ತೆಗೆಯೋದಕ್ಕೂ ಆಗಲ್ಲ, ನಿನ್ನ ಅಮ್ಮ ಗೋಡೆ ಹಿಡಿದುಕೊಂಡು ಓಡಾಡೋಳು, ಅವಳು ಅಲ್ಲಿ ಹೇಗೆ ತಿರುಗುತ್ತಾಳೆ ಹೇಳು.

ಬೆಳಕಿನ ವಿಷಯಕ್ಕೆ ಬರ್ತೀನಿ, ಇದು ಎಲ್ಲಕ್ಕಿಂತ ಮುಖ್ಯ. ಆ ಹಾಲ್‌ಗೆ ಬೆಳಕು ಬರೋದೆಲ್ಲ ಪಕ್ಕದ ಖಾಲಿ ಸೈಟಿನ ಕಡೆಯಿಂದ. 30-40 ಸೈಟು. ಕಲ್ಲು ನೆಟ್ಟು ತಂತಿ ಹಾಕಿದ್ದಾರೆ, ಮೂಲೆಯಲ್ಲಿ ಜಲ್ಲಿ ರಾಶಿ ಬಿದ್ದಿದೆ, ಅಂದರೆ ಇಷ್ಟರಲ್ಲೇ ಯಾರೋ ಕಟ್ಟೋದಕ್ಕೆ ಶುರು ಮಾಡ್ತಾರೆ. ಅಲ್ಲಿ ಮೂರು ಅಂತಸ್ತು ಎದ್ದ ದಿನ ನಿನ್ನ ಹಾಲ್‌ನಲ್ಲಿ ಮಧ್ಯಾಹ್ನವೂ ಲೈಟ್ ಹಾಕಬೇಕು. ಫೋಟೋದಲ್ಲಿ ಆ ಜಾಗ ಬರೀ ಆಕಾಶ. ಚಾಮುಂಡಿ ಬೆಟ್ಟ ಕಾಣೋ ಬಾಲ್ಕನಿ ಅಂತ ಕುಣಿದಾಡಿದೆಯಲ್ಲ, ಬಾಲ್ಕನಿಯಲ್ಲಿ ನಿಂತು ನೋಡಿದೆ, ಎದುರುಮನೆ ನೀರಿನ ಟ್ಯಾಂಕು ಕಾಣುತ್ತೆ. ಬೆಟ್ಟದ ಫೋಟೋ ತೆಗೆದಿರೋದು ಮೇಲಿನ ಟೆರೇಸಿನಿಂದ. ಕೇಳಿದರೆ 'ಟೆರೇಸೂ ನಿಮ್ಮದೇ ಅಲ್ವಾ ಮೇಡಂ, ಕಾಮನ್' ಅಂದ ಬ್ರೋಕರ್. ನನಗೆ ಸಿಟ್ಟು ಬಂತು. ನಮ್ಮ ಹುಡುಗರು ಹತ್ತು ವರ್ಷ ಕೂಡಿಟ್ಟ ದುಡ್ಡು ಇದು.

ಇನ್ನು ಯಾವ ಫೋಟೋ ಹಾಕಿಲ್ಲ ಅನ್ನೋದನ್ನ ನೋಡು. ಹಾಲ್ ಫೋಟೋ ರಾಶಿ ಇದೆ. ಮೆಟ್ಟಿಲಿನದ್ದು ಒಂದೂ ಇಲ್ಲ. ಯಾಕೆ ಅಂದರೆ ಲಿಫ್ಟ್ ಇಲ್ಲ, ಫ್ಲಾಟು ಎರಡನೇ ಮಹಡಿ. ಬಾತ್‌ರೂಮಿನದ್ದು ಇದೆ, ಆದರೆ ಅದರ ಮೇಲ್ಛಾವಣಿ ತೋರಿಸಿಲ್ಲ. ನಾನು ತಲೆ ಎತ್ತಿ ನೋಡಿದರೆ ಮೂಲೆಯಲ್ಲಿ ಪೇಂಟ್ ಹೊಪ್ಪಳಿಕೆ ಎದ್ದಿದೆ, ಮೇಲಿನ ಮನೆಯ ಬಾತ್‌ರೂಮು ಸೋರುತ್ತಿದೆ. ಅದನ್ನ ರಿಪೇರಿ ಮಾಡಿಸೋದಕ್ಕೆ ಮೇಲಿನವರು ತಮ್ಮ ನೆಲ ಒಡೆಸೋದಕ್ಕೆ ಒಪ್ಪಬೇಕು, ಆ ಜಗಳ ಬೇಕಾ ನಿನಗೆ? ನಲ್ಲಿಗಳ ಬುಡದಲ್ಲಿ ಬಿಳಿ ಕರೆ ಕಟ್ಟಿದೆ. ಫೋಟೋ ದೊಡ್ಡದು ಮಾಡಿ ನೋಡಿದರೆ ನಿನಗೂ ಕಾಣುತ್ತೆ. ಗಡಸು ನೀರು ಅಂತ ಅರ್ಥ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು ಬಿಡ್ತಾರೆ, ಉಳಿದ ದಿನ ಬೋರ್‌ವೆಲ್ಲಾ ಟ್ಯಾಂಕರ್ರಾ ಅಂತ ಅಲ್ಲಿ ವಾಸ ಇರೋರನ್ನ ಕೇಳಬೇಕು, ಮಾರೋರನ್ನ ಕೇಳಿ ಪ್ರಯೋಜನ ಇಲ್ಲ. ಕೆಳಗಿನ ಮನೆಯ ಅಜ್ಜಿ ಒಬ್ಬರು ರಾತ್ರಿ ರಿಂಗ್ ರೋಡಿನ ಲಾರಿ ಸದ್ದು ತಮಗೆ ಅಭ್ಯಾಸ ಆಗೋದಕ್ಕೆ ತಿಂಗಳುಗಟ್ಟಲೆ ಹಿಡೀತು ಅಂದರು. ಸದ್ದು, ಮೋರಿ ವಾಸನೆ, ಸೊಳ್ಳೆ ಯಾವ ಫೋಟೋದಲ್ಲೂ ಬರಲ್ಲ.

ಎರಡನೆಯದು ಆ ಹೊಸ ಅಪಾರ್ಟ್‌ಮೆಂಟು. ನೀನು ಕಳಿಸಿದ್ದು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ, ಕಟ್ಟಡ ಇನ್ನೂ ಪಿಲ್ಲರ್ ಹಂತದಲ್ಲಿದೆ. ಇದಕ್ಕೆ ಕಾನೂನಿನ ಬಲ ಇದೆ, ತಿಳಿದುಕೊಂಡಿರು. ಬಿಲ್ಡರ್‌ಗಳನ್ನ ಹದ್ದುಬಸ್ತಿನಲ್ಲಿಡೋ 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಿಲ್ಡರ್ ಹಾಕಿದ ಸುಳ್ಳು ಜಾಹೀರಾತನ್ನೋ ಮಾದರಿ ಫ್ಲಾಟನ್ನೋ ನಂಬಿ ದುಡ್ಡು ಕೊಟ್ಟು ನಷ್ಟ ಆದರೆ ಪರಿಹಾರ ಕೇಳಬಹುದು, ಬೇಡ ಅಂತ ಹಿಂದೆ ಸರಿದರೆ ಬಡ್ಡಿ ಸಮೇತ ವಾಪಸ್ ಕೊಡಬೇಕು. ಅಗ್ರಿಮೆಂಟ್ ರಿಜಿಸ್ಟರ್ ಆಗೋ ಮುಂಚೆ ಬೆಲೆಯ ನೂರಕ್ಕೆ 10ಕ್ಕಿಂತ ಜಾಸ್ತಿ ತಗೊಳ್ಳೋ ಹಾಗೂ ಇಲ್ಲ. ಆ ಚಿತ್ರಗಳನ್ನ, ಬ್ರೋಷರನ್ನ ಅಳಿಸಬೇಡ, ಜೋಪಾನವಾಗಿಟ್ಟುಕೊ. 1,250 ಚದರಡಿ ಅಂತ ಹಾಕಿರೋದು ಸೂಪರ್ ಬಿಲ್ಟ್ ಅಪ್, ಮೆಟ್ಟಿಲು, ಲಾಬಿ ಎಲ್ಲ ಅದರಲ್ಲಿ ಸೇರಿದೆ. ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜವಾಗಿ ಬಳಸೋದಕ್ಕೆ ಸಿಗೋ ಜಾಗ, ಎಷ್ಟು ಅಂತ ಬರವಣಿಗೆಯಲ್ಲಿ ಕೇಳು. ಬೋಗಾದಿ ಫ್ಲಾಟಿನ ಹಾಗೆ ಒಬ್ಬರಿಂದ ಒಬ್ಬರಿಗೆ ಮಾರೋ ಮನೆಗೆ ಈ 12ನೇ ಸೆಕ್ಷನ್ ನೆರವಿಗೆ ಬರಲ್ಲ, ಅಲ್ಲಿ ನಿನ್ನ ಕಣ್ಣೇ ನಿನಗೆ ಕಾವಲು.

ಸರಸ್ವತಿಪುರಂ ಮನೆಯನ್ನ ಮಾತ್ರ 'ಗುಹೆ ಥರ ಇದೆ, ಬೇಡ' ಅಂತ ಒಂದೇ ಮಾತಿಗೆ ತಳ್ಳಿಹಾಕಿದೆ. ನನಗೆ ಬೇಜಾರಾಯಿತು. ಆ ಫೋಟೋ ತೆಗೆದಿರೋದು ವಯಸ್ಸಾದ ಯಜಮಾನರು, ರಾತ್ರಿ ಹೊತ್ತು, ಟ್ಯೂಬ್‌ಲೈಟಿನಲ್ಲಿ, ಕೈ ನಡುಗಿ. ಅದನ್ನೂ ನೋಡಿದೆ. ಬೆಳಿಗ್ಗೆ ಹೋದೆ, ಪೂರ್ವದ ಕಿಟಕಿಯಿಂದ ಬಿಸಿಲು ರೆಡ್ ಆಕ್ಸೈಡ್ ನೆಲದ ಮೇಲೆ ಅಡುಗೆಮನೆ ತನಕ ಬಂದಿತ್ತು. ಎದುರುಬದುರು ಕಿಟಕಿ, ಫ್ಯಾನ್ ಹಾಕದೇನೇ ಗಾಳಿ ಆಡುತ್ತೆ. ನೆಲಮಟ್ಟದ ಮನೆ, ಹತ್ತೋದಕ್ಕೆ ಎರಡೇ ಮೆಟ್ಟಿಲು. ಒಗೆಯೋ ಕಲ್ಲು, ಹಪ್ಪಳ ಒಣಗಿಸೋ ಜಾಗ, ಹಿಂದೆ ತೆಂಗಿನಮರ ಎಲ್ಲ ಇದೆ. ವೈರಿಂಗ್ ಹಳೇದು, ಪೂರ್ತಿ ಬದಲಾಯಿಸಬೇಕು, ಬಾತ್‌ರೂಮಿಗೂ ದುಡ್ಡು ಹಾಕಬೇಕು, ಅದನ್ನ ಮುಚ್ಚಿಡಲ್ಲ. ಆದರೂ ಚೆನ್ನಾಗಿ ಫೋಟೋ ತೆಗೆಯೋದಕ್ಕೆ ಬಾರದವರ ಮನೆಯನ್ನ ಚೆನ್ನಾಗಿಲ್ಲ ಅಂತ ಬಿಟ್ಟುಬಿಡೋದು ನ್ಯಾಯ ಅಲ್ಲ.

ಫೋಟೋ ಬೇಡವೇ ಬೇಡ ಅಂತ ನಾನು ಹೇಳಲ್ಲ. ಹತ್ತು ಮನೆ ಸುತ್ತೋ ಕಡೆ ಮೂರು ಸುತ್ತಿದರೆ ಸಾಕಾಗುತ್ತೆ, ಅಷ್ಟು ಉಪಕಾರ ಇದೆ. ವಿಡಿಯೋ ಕಾಲ್ ಮಾಡಿಸೋದಾದರೆ ಅವರು ತೋರಿಸಿದ್ದನ್ನ ನೋಡ್ತಾ ಕೂರಬೇಡ, ನೀನು ಹೇಳು. ರಸ್ತೆಯಿಂದ ಶುರು ಮಾಡಿ ಕಾಲ್ ಕಟ್ ಮಾಡದೆ ಬಾಗಿಲ ತನಕ ನಡೆದುಕೊಂಡು ಬನ್ನಿ ಅನ್ನು. ಮೇಲ್ಛಾವಣಿ, ಕಿಟಕಿ ಹೊರಗೆ, ನಲ್ಲಿ ಬಿಟ್ಟು ನೀರಿನ ರಭಸ, ಇಷ್ಟನ್ನೂ ಕೇಳಿ ನೋಡು. ಮನೆ ನೋಡೋ ಮುಂಚೆ ಕ್ಯೂಆರ್ ಸ್ಕ್ಯಾನ್ ಮಾಡಿ, ಗೇಟ್ ಪಾಸ್‌ಗೆ ದುಡ್ಡು ಹಾಕಿ ಅಂತ ಯಾರಾದರೂ ಅಂದರೆ ಅಲ್ಲೇ ಫೋನ್ ಇಡು. ಅಕಸ್ಮಾತ್ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಖಾತೆ, ಇ.ಸಿ. (ಆಸ್ತಿ ಮೇಲೆ ಸಾಲ, ಋಣ ಇದೆಯಾ ಅಂತ ತೋರಿಸೋ ಪತ್ರ) ನೋಡೋ ಕೆಲಸ ನಿನ್ನ ದೊಡ್ಡಪ್ಪನಿಗೆ ಗೊತ್ತಿರೋ ವಕೀಲರಿಗೆ ಬಿಡು.

ದೀಪಾವಳಿಗೆ ಹೇಗೂ ಬರ್ತೀಯಲ್ಲ, ಎರಡು ದಿನ ಜಾಸ್ತಿ ರಜಾ ಹಾಕಿಕೊಂಡು ಬಾ. ದಸರಾ ಮುಗಿದರೂ ಇಲ್ಲಿ ಮಳೆ ನಿಂತಿಲ್ಲ, ಮನೆ ನೋಡೋದಕ್ಕೆ ಇದೇ ಒಳ್ಳೇ ಸಮಯ, ಎಲ್ಲಿ ಸೋರುತ್ತೆ, ರಸ್ತೆಯಲ್ಲಿ ಎಲ್ಲಿ ನೀರು ನಿಲ್ಲುತ್ತೆ ಎಲ್ಲಾ ಗೊತ್ತಾಗುತ್ತೆ. ಬೆಳಿಗ್ಗೆ ಒಂದು ಸಲ, ರಾತ್ರಿ ಎಂಟರ ಮೇಲೆ ಒಂದು ಸಲ ಹೋಗೋಣ. ನಿನ್ನ ಅಮ್ಮನನ್ನೂ ಕರೆದುಕೊಂಡು ಬಾ, ಮೆಟ್ಟಿಲು ಹತ್ತೋಳು ಅವಳು, ಅವಳೇ ಹೇಳಲಿ. ಸರಸ್ವತಿಪುರಂ ಯಜಮಾನರಿಗೆ ಹಬ್ಬದ ಮಾರನೇ ದಿನ ಬರ್ತೀವಿ ಅಂತ ಹೇಳಿದ್ದೀನಿ. ಬ್ರೋಕರ್ ಫೋನ್ ಮಾಡಿದರೆ ನನ್ನ ನಂಬರ್ ಕೊಡು, ನಾನು ಮಾತಾಡ್ತೀನಿ.

ಇಂತಿ ನಿನ್ನ ದೊಡ್ಡಮ್ಮ
ಕುವೆಂಪುನಗರ, ಮೈಸೂರು