ಮೊಲದ ಮರಿಗಳಿಗೆ ಇನ್ನೊಂದು ತಾಯಿ

ಸಂಪಾದಕರೇ,

ಮೊಲ ಸಾಕೋ ತುಂಬಾ ಜನ ಒಂದು ವಿಷ್ಯ ಗಮನಿಸಲ್ಲ, ಅದಕ್ಕೇ ಬರೀತಿದೀನಿ. ಹೆಣ್ಣು ಮೊಲಕ್ಕೆ ಸಾಮಾನ್ಯವಾಗಿ 8ರಿಂದ 10 ಮೊಲೆತೊಟ್ಟು ಇರುತ್ತೆ, ಅದು 12 ಮರಿ ಹಾಕಿದ್ರೆ ಬಡಕಲು ಮರಿಗಳಿಗೆ ಹಾಲು ಸಿಗೋದೇ ಕಷ್ಟ, ಯಾಕಂದ್ರೆ ತಾಯಿ ಗೂಡಿಗೆ ಬಂದು ಹಾಲು ಕೊಡೋದು ಹೆಚ್ಚಾಗಿ ದಿನಕ್ಕೆ ಒಂದೇ ಸಲ, ಅದೂ ಮೂರ್ನಾಲ್ಕು ನಿಮಿಷ ಅಷ್ಟೆ. ಪಕ್ಕದ ಕೇಜಲ್ಲೇ ಬರೀ 4 ಮರಿ ಹಾಕಿರೋ ತಾಯಿ ಇದ್ರೂ ನಾವು ಸುಮ್ನೆ ಇರ್ತೀವಿ. ಮೊದಲ ವರ್ಷ ನಾನೂ ಹಾಗೇ ಮಾಡಿ, ಹೊಟ್ಟೆ ಬತ್ತಿ ಸತ್ತ ಮರಿಗಳನ್ನ ಎತ್ತಿ ಹಾಕಿದೀನಿ, ಇವತ್ತಿಗೂ ಸಂಕಟ ಆಗುತ್ತೆ.

ಎರಡು ಮೂರು ಹೆಣ್ಣನ್ನ ಒಂದೇ ದಿನ ಕ್ರಾಸ್ ಮಾಡಿಸಿದ್ರೆ 31 ದಿನದ ಆಸುಪಾಸಲ್ಲಿ ಒಟ್ಟಿಗೇ ಮರಿ ಹಾಕ್ತವೆ. ಹುಟ್ಟಿದ 3 ದಿನದೊಳಗೆ, ಜಾಸ್ತಿ ಇರೋ ಮರಿಗಳಲ್ಲಿ ಹೆಚ್ಚುಕಮ್ಮಿ ಒಂದೇ ಸೈಜಿನವನ್ನ ನೋಡಿ, ಕಮ್ಮಿ ಮರಿ ಇರೋ ತಾಯಿಯ, ಅಂದ್ರೆ ಸಾಕುತಾಯಿಯ ಗೂಡಿಗೆ ಬದಲಾಯಿಸಿ. ಸಾಕುತಾಯಿ ಗೂಡಿನ ಕೂದಲನ್ನೇ ಮರಿ ಮೈಗೆ ಸವರಿ, ಅದರ ಮರಿಗಳ ಮಧ್ಯೆ ಇಟ್ಟು ಮುಚ್ಚಿಬಿಡಿ. ಕಾಯಿಲೆ ಇರೋ ಗೂಡಿನ ಮರಿ ಮಾತ್ರ ಬೇರೆ ಕಡೆ ಹಾಕ್ಬೇಡಿ.

ನಿಮ್ಮ ಕೃಷಿ ಪುಟದಲ್ಲಿ ಹಸು, ಕುರಿ, ಕೋಳಿ ಬಗ್ಗೆ ಬರೋ ಹಾಗೆ ಮೊಲದ ಬಗ್ಗೆನೂ ಪಶುವೈದ್ಯರಿಂದ ಬರೆಸಿ ಸಾರ್.

ಇಂತಿ,
ಒಬ್ಬ ಮೊಲ ಸಾಕಣೆದಾರ, ತುಮಕೂರು ಜಿಲ್ಲೆ