ಕೂದಲಿನ ಮಾತ್ರೆ ಥೈರಾಯ್ಡ್ ರಿಪೋರ್ಟನ್ನೇ ಕೆಡಿಸಿತು

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಮಹಿಳಾ ಪುರವಣಿಯಲ್ಲಿ ಹೋದ ವಾರ ಬಂದಿದ್ದ, ನಲವತ್ತು ದಾಟಿದ ಹೆಂಗಸರಿಗೆ ಯಾವ ಯಾವ ವಿಟಮಿನ್ ಬೇಕು ಅನ್ನೋ ಲೇಖನ ಓದಿದೆ. ಚೆನ್ನಾಗೇ ಇತ್ತು, ಕ್ಯಾಲ್ಸಿಯಂ, ಐರನ್, ಬಯೋಟಿನ್ (ಕೂದಲಿಗೆ ಅಂತ ಮಾರೋ ಬಿ ವಿಟಮಿನ್) ಅಂತ ಉದ್ದಕ್ಕೆ ಪಟ್ಟಿ ಹಾಕಿದ್ರಿ. ಆದ್ರೆ ಯಾವುದನ್ನ ಯಾವುದರ ಜೊತೆ ತಗೋಬಾರದು, ಟೆಸ್ಟಿಗೆ ಮುಂಚೆ ಯಾವುದನ್ನ ನಿಲ್ಲಿಸಬೇಕು ಅಂತ ಒಂದು ಸಾಲೂ ಇರ್ಲಿಲ್ಲ. ಆ ಒಂದು ಸಾಲು ಗೊತ್ತಿಲ್ದೆ ನಾನು ಆರೇಳು ತಿಂಗಳು ಒದ್ದಾಡಿದ್ದೀನಿ, ಅದಕ್ಕೇ ಬರೀತಿದ್ದೀನಿ.

ನಾನು ಥೈರಾಯ್ಡ್ ಮಾತ್ರೆ ತಗೊಳ್ಳೋಕೆ ಶುರು ಮಾಡಿ ಎಂಟು ವರ್ಷ ಆಯ್ತು. ಮಧ್ಯದಲ್ಲಿ ಬಾಚಣಿಗೆ ತುಂಬ ಕೂದಲು ಬರೋಕೆ ಶುರುವಾಯ್ತು, ಯಾರೋ ಹೇಳಿದ್ರು ಅಂತ ಬಯೋಟಿನ್ ತರಿಸ್ಕೊಂಡೆ, 10 ಮಿಲಿಗ್ರಾಂದು. ದೊಡ್ಡೋರಿಗೆ ದಿನಕ್ಕೆ ಬೇಕಿರೋದು ಬರೀ 30 ಮೈಕ್ರೋಗ್ರಾಂ, ಅಂದ್ರೆ ನಾನು ನುಂಗ್ತಿದ್ದದ್ದು ಅದರ 300 ಪಟ್ಟಿಗಿಂತ ಜಾಸ್ತಿ, ಡಬ್ಬಿ ಮೇಲೆ ಅದನ್ನೇ ದೊಡ್ಡಸ್ತಿಕೆ ಅನ್ನೋ ಹಾಗೆ ದಪ್ಪಕ್ಷರದಲ್ಲಿ ಹಾಕಿದ್ರು. ಆಮೇಲೆ ಮಾಮೂಲಿ ಬ್ಲಡ್ ಟೆಸ್ಟ್ ಮಾಡಿಸಿದ್ರೆ ಟಿಎಸ್‌ಎಚ್ (ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಹೇಳೋ ಹಾರ್ಮೋನು, ಮೈಯಲ್ಲಿ ಥೈರಾಯ್ಡ್ ಹಾರ್ಮೋನು ಜಾಸ್ತಿಯಾದ್ರೆ ಇದು ಇಳಿಯುತ್ತೆ) ಪಾತಾಳಕ್ಕಿಳಿದಿತ್ತು, ಟಿ4 ಅನ್ನೋ ಥೈರಾಯ್ಡ್ ಹಾರ್ಮೋನು ಮೇಲೆ ಹೋಗಿತ್ತು. ಡಾಕ್ಟ್ರು ರಿಪೋರ್ಟ್ ನೋಡಿ ಥೈರಾಯ್ಡ್ ಮಾತ್ರೆ ಡೋಸ್ ಜಾಸ್ತಿ ಆಗಿದೆ ಅಂತ ಇಳಿಸಿದ್ರು. ಅವರದ್ದೇ ತಪ್ಪು ಅನ್ನಕ್ಕೂ ಆಗಲ್ಲ ಬಿಡಿ, ಬೇರೆ ಯಾವುದಾದ್ರೂ ಮೆಡಿಸಿನ್ ತಗೋತೀರಾ ಅಂತ ಕೇಳಿದ್ರು, ನಾನೇ ಇಲ್ಲ ಅಂದೆ. ವಿಟಮಿನ್ನು ನನ್ನ ತಲೇಲಿ ಮೆಡಿಸಿನ್ ಲೆಕ್ಕಕ್ಕೇ ಇರ್ಲಿಲ್ಲ.

ಡೋಸ್ ಇಳಿಸಿ ಎರಡು ತಿಂಗಳಿಗೆ ಕೂತಲ್ಲೇ ತೂಕಡಿಕೆ, ಬೆಳಿಗ್ಗೆ ಎದ್ರೆ ಮುಖ ಊದಿರೋದು, ಕೂದಲು ಮೊದಲಿಗಿಂತ ಜಾಸ್ತಿ ಉದುರೋದು, ಅದಕ್ಕೆ ನಾನೇನ್ ಮಾಡಿದೆ ಗೊತ್ತಾ, ಬಯೋಟಿನ್ ಒಂದು ದಿನಾನೂ ತಪ್ಪಿಸದೆ ನುಂಗಿದೆ! ಮತ್ತೆ ಟೆಸ್ಟ್ ಮಾಡಿಸಿದ್ರೆ ಅದೇ ರಾಗ ಅದೇ ಹಾಡು. ಕೊನೆಗೆ ಇನ್ನೊಬ್ಬ ಲೇಡಿ ಡಾಕ್ಟ್ರು ಮೆಡಿಸಿನ್ ಅನ್ನೋ ಪದಾನೇ ಎತ್ತದೆ, "ಕೂದಲಿಗೆ, ಉಗುರಿಗೆ ಅಂತ ಏನಾದ್ರೂ ತಗೋತಿದ್ದೀರೇನಮ್ಮ?" ಅಂದ್ರು. ಒಂದು ವಾರ ಅದನ್ನ ನಿಲ್ಲಿಸಿ ರಕ್ತ ಕೊಟ್ಟೆ. ಟಿಎಸ್‌ಎಚ್ ನಿಜವಾಗಿ ಎಲ್ಲೋ ಮೇಲಿತ್ತು, ಅಂದ್ರೆ ಥೈರಾಯ್ಡ್ ಮಾತ್ರೆ ಸಾಲ್ತಿರ್ಲಿಲ್ಲ.

ವಿಷಯ ಇಷ್ಟೇ, ಎಷ್ಟೋ ಲ್ಯಾಬ್ ಕಿಟ್‌ಗಳಲ್ಲಿ ಬಯೋಟಿನನ್ನೇ ಅಂಟಿನ ಥರ ಬಳಸಿರ್ತಾರೆ, ನಮ್ಮ ರಕ್ತದಲ್ಲೂ ಅದೇ ತುಂಬಿ ತುಳುಕ್ತಿದ್ರೆ ಮೆಷಿನ್ ಲೆಕ್ಕ ತಪ್ಪುತ್ತೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ 2017ರಲ್ಲೇ ಎಚ್ಚರಿಸಿ 2019ರಲ್ಲಿ ಮತ್ತೊಮ್ಮೆ ಹೇಳಿದೆ. ಹಾರ್ಟ್ ಅಟ್ಯಾಕ್ ಪತ್ತೆ ಮಾಡೋ ಟ್ರೋಪೋನಿನ್ ಟೆಸ್ಟು ಇದರಿಂದ ಸುಳ್ಳಾಗಿ ಕಮ್ಮಿ ತೋರಿಸಿ ಒಬ್ಬರು ತೀರಿಕೊಂಡ ವರದಿ ಕೂಡ ಅವರ ಹತ್ರ ಬಂದಿತ್ತು. ಥೈರಾಯ್ಡ್ ಟೆಸ್ಟಿಗೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ ಅಂತಾರೆ, ನನ್ನ ಥರ ದೊಡ್ಡ ಡೋಸ್ ತಗೊಳ್ಳೋರು ಡಾಕ್ಟ್ರನ್ನ ಕೇಳೋದೇ ವಾಸಿ.

ಇನ್ನು ನಮ್ಮಕ್ಕ. ಅವಳಿಗೂ ಥೈರಾಯ್ಡು. ಬೆಳಿಗ್ಗೆ ಎದ್ದವಳೇ ಥೈರಾಯ್ಡ್ ಮಾತ್ರೆ, ಐರನ್, ಕ್ಯಾಲ್ಸಿಯಂ ಮೂರನ್ನೂ ಅಂಗೈಗೆ ಸುರ್ಕೊಂಡು ಒಂದೇ ಗುಟುಕಿಗೆ ನುಂಗಿ "ಮುಗೀತು" ಅಂತಿದ್ಲು. ಐರನ್ನು, ಕ್ಯಾಲ್ಸಿಯಂ ಎರಡೂ ಥೈರಾಯ್ಡ್ ಮಾತ್ರೇನ ಹೊಟ್ಟೇಲೇ ಹಿಡ್ಕೊಂಡು ಮೈಗೆ ಹತ್ತೋಕೆ ಬಿಡಲ್ಲ, 4 ಗಂಟೆ ಗ್ಯಾಪ್ ಬೇಕು. ಅದೂ ಅಲ್ದೆ ಕ್ಯಾಲ್ಸಿಯಂ ಇದ್ರೆ ಐರನ್ನೂ ಸರಿಯಾಗಿ ಹತ್ತಲ್ಲ. ಮೂರು ದುಡ್ಡು ಒಂದೇ ತೂತಿನ ಜೇಬಿಗೆ ಹಾಕಿದ ಹಾಗೆ. ಆಮೇಲೆ ಮಲ ಕಪ್ಪಗಾಯ್ತು, ಹೊಟ್ಟೆ ಕಟ್ಕೊಂಡ್ತು ಅಂತ ಯಾರಿಗೂ ಹೇಳದೆ ಐರನ್ ಬಿಟ್ಟೇ ಬಿಟ್ಲು. ಕಪ್ಪಗಾಗೋದು ಐರನ್ ತಗೊಂಡ್ರೆ ಮಾಮೂಲಿ ಅಂತ ಬರೆದುಕೊಟ್ಟೋರು ಒಂದು ಮಾತು ಹೇಳಿದ್ರೆ ಸಾಕಿತ್ತು. ದಿನ ಬಿಟ್ಟು ದಿನ ತಗೊಂಡ್ರೆ ಐರನ್ ಇನ್ನೂ ಚೆನ್ನಾಗಿ ಹಿಡಿಯುತ್ತೆ ಅಂತಾನೂ ಅಧ್ಯಯನಗಳಿವೆ, ಹಾಗೆ ಮಾಡಬಹುದಾ ಅಂತ ಕೇಳಬಹುದಿತ್ತು.

ಉಲ್ಟಾನೂ ಇದೆ, ಔಷಧಿಯೇ ವಿಟಮಿನ್ ಇಳಿಸೋದು. ಪಿಸಿಓಡಿಗೆ (ಹಾರ್ಮೋನ್ ಏರುಪೇರಾಗಿ ಮುಟ್ಟು ಹೆಚ್ಚುಕಮ್ಮಿ ಆಗೋ ಅಂಡಾಶಯದ ತೊಂದರೆ) ಅಂತ ಮೆಟ್‌ಫಾರ್ಮಿನ್ ಅನ್ನೋ ಸಕ್ಕರೆ ಕಾಯಿಲೆ ಮಾತ್ರೆ ವರ್ಷಗಟ್ಟಲೆ ತಗೊಳ್ಳೋ ಹುಡುಗೀರಿಗೆ ಬಿ12 ಇಳೀಬಹುದು, ಪಾದ ಜುಮ್ ಅನ್ನುತ್ತೆ, ಮರಗಟ್ಟುತ್ತೆ. ಮನೇಲಿ ಹೇಳಿದ್ರೆ ಸರಿಯಾಗಿ ತಿನ್ನು, ಮೊಬೈಲ್ ಬಿಡು ಅಂತಾರೆ. ಬಿ12 ಟೆಸ್ಟ್ ಮಾಡ್ಸು ಅನ್ನೋರು ಯಾರು?

ಇನ್ಮೇಲೆ ಇಂಥ ಪಟ್ಟಿ ಹಾಕುವಾಗ ಪ್ರತಿ ಮಾತ್ರೆ ಪಕ್ಕ ಎಷ್ಟು ಗಂಟೆ ಗ್ಯಾಪು, ಯಾವ ಟೆಸ್ಟಿಗೆ ಮುಂಚೆ ನಿಲ್ಲಿಸಬೇಕು ಅನ್ನೋದನ್ನೂ ಹಾಕಿ ಸಾರ್. ಅಂದ ಹಾಗೆ ಆ ಲೇಖನದ ಕೆಳಗೇ ದಟ್ಟ ಕೂದಲಿನ ಮಾತ್ರೆ ಜಾಹೀರಾತಿತ್ತು, ನೋಡಿದ್ರಾ?

ಹೋದ ತಿಂಗಳು ಅಕ್ಕನ ಡಬ್ಬಿ, ಸ್ಟ್ರಿಪ್ ಎಲ್ಲಾ ಒಂದು ಚೀಲಕ್ಕೆ ತುಂಬಿ ಡಾಕ್ಟ್ರ ಟೇಬಲ್ ಮೇಲೆ ಜೋಡಿಸಿದೆ. ಒಂಬತ್ತಿದ್ವು. ಎರಡು ಸ್ಟ್ರಿಪ್‌ನಲ್ಲಿ ಹೆಸರು, ಡೇಟು ಇದ್ದ ಕಡೇನೇ ಕತ್ತರಿಸಿತ್ತು. ಅವರು ಬರೆದುಕೊಟ್ಟಿದ್ದು ಮೂರೇ.

ಇಂತಿ,
ನಿಮ್ಮ ಪುರವಣಿ ಬಿಡದೆ ಓದೋ ಒಬ್ಬ ಓದುಗಿ