ದಟ್ಟಣೆ ಶುಲ್ಕಕ್ಕೆ ಮೊದಲು ಬಹುಮಾನ ಕೊಟ್ಟು ನೋಡಿ

ಮಾನ್ಯರೇ,

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ದಟ್ಟಣೆ ಶುಲ್ಕ, ಅಂದರೆ ವಾಹನ ದಟ್ಟಣೆಯ ಹೊತ್ತಿನಲ್ಲಿ ಓಡಾಡುವವರಿಂದ ಹಣ ವಸೂಲಿ, ಹಾಕುವ ಮಾತು ಆಗಾಗ ಕೇಳಿಬರುತ್ತದೆ. ಜನರ ಜೇಬಿಗೆ ಕೈ ಹಾಕುವ ಮೊದಲು, ನಮ್ಮೂರಲ್ಲೇ ನಡೆದ ಒಂದು ಪ್ರಯೋಗದ ಕಡೆ ಸರ್ಕಾರ ನೋಡಬೇಕು.

2008ರ ಅಕ್ಟೋಬರ್‌ನಿಂದ ಆರು ತಿಂಗಳು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಾಲಾಜಿ ಪ್ರಭಾಕರ್ ಅವರ ತಂಡ ಇನ್ಫೊಸಿಸ್‌ನ ಸುಮಾರು 14,000 ಉದ್ಯೋಗಿಗಳೊಂದಿಗೆ ಇದನ್ನು ನಡೆಸಿತು. ಬೆಳಿಗ್ಗೆ ದಟ್ಟಣೆ ಶುರುವಾಗುವ ಮೊದಲೇ ಕಚೇರಿಗೆ ಬಂದವರಿಗೆ ಅಂಕ. ವಾರಕ್ಕೊಮ್ಮೆ ಲಾಟರಿ. ಅಂಕ ಜಾಸ್ತಿ ಇದ್ದಷ್ಟೂ ದೊಡ್ಡ ಬಹುಮಾನದ ಅವಕಾಶ. ಬೇಗ ಬರುವವರು ಹೆಚ್ಚುಕಮ್ಮಿ ದುಪ್ಪಟ್ಟಾದರು. ಬಸ್ಸಿನಲ್ಲಿ ಬರುವವರ ಬೆಳಗಿನ ಪ್ರಯಾಣದ ಸರಾಸರಿ ಅವಧಿ 71 ನಿಮಿಷದಿಂದ 54ಕ್ಕೆ ಇಳಿಯಿತು. ಯಾರಿಗೂ ಒಂದು ಪೈಸೆ ದಂಡ ಹಾಕಿರಲಿಲ್ಲ.

ದಂಡ ಹಾಕಿದರೆ ಜನ ಬಗ್ಗುತ್ತಾರೆ ಅನ್ನುವುದೂ ಖಚಿತವಲ್ಲ. ಇಸ್ರೇಲ್‌ನ ಹೈಫಾದ ಶಿಶುವಿಹಾರಗಳಲ್ಲಿ, ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ದಂಡ ಹಾಕಿ ನೋಡಿದರು. ತಡ ಮಾಡುವವರೇ ಹೆಚ್ಚಾದರು! ದುಡ್ಡು ಕೊಟ್ಟ ಮೇಲೆ ಸಂಕೋಚ ಯಾಕೆ, ಅಲ್ವಾ? ದಂಡ ತೆಗೆದ ಮೇಲೂ ಆ ಚಾಳಿ ಹೋಗಲಿಲ್ಲ.

ಸಂಚಾರ ಪೊಲೀಸರು ಮತ್ತು ಕಂಪನಿಗಳು ಸೇರಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಕೆಲವು ಕಚೇರಿಗಳಲ್ಲಿ ಮೂರು ತಿಂಗಳು ಇಂಥ ಬಹುಮಾನ ಯೋಜನೆ ನಡೆಸಲಿ. ಬೇಗ ಬಂದವರನ್ನು ಸಂಜೆ ಬೇಗ ಮನೆಗೂ ಬಿಡಬೇಕು. ಇಲ್ಲದಿದ್ದರೆ ಸುಮ್ನೆ ಕೆಲಸದ ಹೊತ್ತು ಹೆಚ್ಚಿಸಿದಂತಾಗುತ್ತದೆ. ಬಂದ ಅಂಕಿಅಂಶಗಳನ್ನು ಜನರ ಮುಂದಿಟ್ಟು, ಆಮೇಲೆ ಶುಲ್ಕದ ಬಗ್ಗೆ ತೀರ್ಮಾನಿಸಲಿ.

– ಓದುಗ, ಬೆಂಗಳೂರು